ಮರುಳಸಿದ್ದಪ್ಪನ ಕಳ್ಳ ಮಟ್ಟು

ಹಾಳಾದ್ದು ಆ ಪುಸ್ತಕ ಒಂದು ಇಲ್ಲದಿದ್ದರೆ ಅವತ್ತು ಬೆಳಗಿನ ಉಪ್ಪಿಟ್ಟು ಮರುಳಸಿದ್ದಪ್ಪ ಮೇಷ್ಟ್ರ ಗಂಟಲಲ್ಲಿ ನೆಟ್ಟಗೆ ಇಳಿಯುತ್ತಿತ್ತು.

ಎಪ್ಪತ್ತೊಂಬತ್ತನೇ ಇಸವಿ. ಚನ್ನಗಿರಿಯ ಛತ್ರದಲ್ಲಿ ನಾಟಕದ ಹಾರ್ಮೋನಿಯಂ ಮೇಷ್ಟ್ರುಗಳಿಗೆ ಹತ್ತು ದಿನದ ಶಿಬಿರ. ಕಲಿಸಲು ಬಂದವರು ಬೆಂಗಳೂರಿನ ಪಿಯಾನೋ ಮೇಡಂ. ದೊಡ್ಡ ದೊಡ್ಡ ಕಚೇರಿ ಮಾಡಿದವರು. ಅವರ ಪಿಯಾನೋ ಲಾರಿಯಿಂದ ಇಳಿಸೋಕೆ ಎಂಟು ಹಮಾಲರು ಬೇಕಾದರು. ಯಾರು ಏನೇ ನುಡಿಸಲಿ, ಮೇಡಂ ಅದರ ಸ್ವರವನ್ನೆಲ್ಲ ಐದು ಗೆರೆ ಎಳೆದ ಪುಸ್ತಕದಲ್ಲಿ ಚುಕ್ಕೆ ಚುಕ್ಕೆಯಾಗಿ ಬರೆದುಕೊಳ್ಳೋರು. ಆ ಚುಕ್ಕೆ ಓದೋದನ್ನೂ ದಿನಾ ಹೇಳಿಕೊಡೋರು.

ಮರುಳಸಿದ್ದಪ್ಪನಿಗೆ ಅಲ್ಲೇ ಅನುಮಾನ ಹತ್ತಿತು. ನಾಟಕದ ಮೇಷ್ಟ್ರಿಗೆ ತನ್ನ ಹಾಡಿನ ಮಟ್ಟೇ ಆಸ್ತಿ. ಇವನಂತೂ ಎದುರಿಗೆ ಇನ್ನೊಬ್ಬ ಮೇಷ್ಟ್ರಿದ್ದರೆ ಬೆರಳ ಮೇಲೆ ಟವೆಲ್ ಮುಚ್ಚಿಕೊಂಡು ನುಡಿಸೋ ಆಸಾಮಿ. "ಚುಕ್ಕೆ ಕಲಿಯಾಕೆ ನನಗೇನು ಗ್ರಹಚಾರ?" ಅಂತ ಆ ಪಾಠದ ಹೊತ್ತಿಗೆ ಬೀಡಿ ಸೇದಲು ಎದ್ದು ಹೋಗುತ್ತಿದ್ದ.

ಕೊನೇ ದಿನ ಬೆಳಿಗ್ಗೆ ಉಪ್ಪಿಟ್ಟಿನ ಹೊತ್ತಿಗೆ ನೋಡಿದರೆ ಉಬ್ರಾಣಿಯ ರಂಗಣ್ಣ ಮೇಷ್ಟ್ರು ಮೇಡಂ ಪಕ್ಕ ಕೂತು ಆ ಪುಸ್ತಕವನ್ನೇ ತಿರುವಿಹಾಕುತ್ತಿದ್ದಾನೆ! ತ್ಯಾವಣಿಗೆಯವರು ನಾಟಕಕ್ಕೆ ವೀಳ್ಯ ಕೊಟ್ಟು ಮೇಷ್ಟ್ರನ್ನು ಗೊತ್ತುಮಾಡೋದು ವಾಡಿಕೆ. ಎಂಟು ವರ್ಷದಿಂದ ಆ ವೀಳ್ಯ ಮರುಳಸಿದ್ದಪ್ಪನಿಗೇ. ಅವತ್ತು ಸಂಜೆ ಅಲ್ಲಿನ ಯಜಮಾನ ಮಹೇಶ್ವರಪ್ಪ ವೀಳ್ಯ ಹಿಡಿದು ಶಿಬಿರಕ್ಕೇ ಬರುವವನಿದ್ದ. ಅದು ತಪ್ಪಿದರೆ ಈ ವರ್ಷ ಒಲೆ ಉರಿಯೋದು ಕಷ್ಟ.

"ನೋಡ್ದೇನೋ ದಾಸಪ್ಪ," ಅಂದ ಜೊತೆಗೆ ಬಂದಿದ್ದ ತಬಲದವನಿಗೆ. "ನನ್ನ ಮಟ್ಟೆಲ್ಲ ಆ ಪುಸ್ತಕಕ್ಕೆ, ಅಲ್ಲಿಂದ ರಂಗಣ್ಣನ ಹಾರ್ಮೋನಿಯಂ ಪೆಟ್ಟಿಗೆಗೆ!"

"ಹಂಗಾದ್ರೆ ಅತ್ಲಾಗೆ ತಪ್ಪು ತಪ್ಪೇ ನುಡಿಸಿಬಿಡ್ರಿ ಮೇಷ್ಟ್ರೇ. ಬರ್ಕಂಡು ಸಾಯ್ಲಿ."

ಮಧ್ಯಾಹ್ನ ಮರುಳಸಿದ್ದಪ್ಪನ ಸರದಿ ಬಂತು. ಒಣಹಾಕಿದ ರಾಗಿಗೆ ಕೋಳಿ ಬಿಟ್ಟಂಗೆ ಬೆರಳುಗಳನ್ನು ಬಿಟ್ಟ. ಸ್ವರ ಎತ್ತಲೋ, ತಾಳ ಎತ್ತಲೋ. ನುಡಿಸಿ ಮುಗಿಸಿ, ಎಲ್ಲರೂ ನಗಲಿ ಅಂತ ಕಾದ.

ಯಾರೂ ನಗಲಿಲ್ಲ. ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ, ಹೊತ್ತಿಗೆ ಮುಂಚೆಯೇ ಬಂದಿದ್ದ ಮಹೇಶ್ವರಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ.

"ಮೇಷ್ಟ್ರೇ, ದ್ರೌಪದಿ ಅಳೋ ಸೀನಿಗೆ ಇದೇ ಮಟ್ಟು ಬೇಕು ಕಣ್ರೀ! ಎಂಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ? ಇನ್ನೊಂದ್ಸಲ ನುಡಿಸ್ರಿ, ವೀಳ್ಯ ಈಗ್ಲೇ ಕೊಡ್ತೀನಿ."

ಅಯ್ಯೋ ಶಿವನೇ, ತಾನು ನುಡಿಸಿದ್ದಾದರೂ ಏನು? ಒಮ್ಮೆ ಪ್ರಯತ್ನಿಸಿದ.

"ಇದಲ್ರೀ."

ಮತ್ತೊಮ್ಮೆ.

"ಇದೂ ಅಲ್ಲ." ಮಹೇಶ್ವರಪ್ಪನ ಹುಬ್ಬು ಗಂಟಿಕ್ಕಿತು. "ಅದು ನಿಮ್ಮದೇ ಮಟ್ಟೇನ್ರೀ, ಇಲ್ಲ ಯಾರದಾದ್ರೂ ಕದ್ದಿದ್ದೋ?"

ಮರುಳಸಿದ್ದಪ್ಪ ದಾಸಪ್ಪನ ಕಡೆ ತಿರುಗಿದ. ದಾಸಪ್ಪ ಸೂರು ನೋಡುತ್ತ ಕೂತ.

"ಗಾಬರಿಯಾಗಬೇಡಿ, ಪೂರ್ತಿ ಬರೆದಿದ್ದೀನಿ," ಅಂತ ಮೇಡಂ ಪುಸ್ತಕ ಅವನ ಮುಂದೆ ಹಿಡಿದರು. ಅವನ ಕಣ್ಣಿಗೆ ಬರೀ ಇರುವೆ ಸಾಲು.

"ಇತ್ಲಾಗೆ ಕೊಡ್ರಿ ಮೇಡಂ," ಅಂದ ರಂಗಣ್ಣ ಪುಸ್ತಕ ನೋಡಿಕೊಂಡು ಒಂದು ಸ್ವರವೂ ಬಿಡದೆ ನುಡಿಸಿದ. ವೀಳ್ಯದ ತಟ್ಟೆ ಅವನ ಕೈಗೆ ಹೋಯಿತು.

ಮಹೇಶ್ವರಪ್ಪ ಮರುಳಸಿದ್ದಪ್ಪನ ಹೆಗಲ ಮೇಲೆ ಕೈ ಇಟ್ಟು ಸಮಾಧಾನ ಹೇಳಿದ. "ಬೇಜಾರಾಗಬ್ಯಾಡ್ರಿ ಮೇಷ್ಟ್ರೇ. ಎಂಟು ವರ್ಷದ ಋಣ ಐತೆ, ನಿಮ್ಮನ್ನ ಹೆಂಗೆ ಬಿಡಾಕಾಗ್ತದೆ? ನೀವೂ ಬರ್ರಿ. ರಂಗಣ್ಣನ ಪಕ್ಕ ಕೂತು ತಾಳ ಹಾಕ್ರಿ. ಹಂಗೇ ಆ ಮಟ್ಟು ಕಲಿತಂಗೂ ಆಗ್ತದೆ."