ಒಂದು ಲಕ್ಷದ ಮೂರನೆಯ ಪಿನ್ನಿನ ವಿಲೇವಾರಿ

ಕೇಂದ್ರ ಕಚೇರಿ, ಉಗ್ರಾಣ ವಿಭಾಗ
ಸಂಖ್ಯೆ: ಉಗ್ರಾಣ/ಪಿನ್ನು/ಶೇಷ-1

ಸುತ್ತೋಲೆ

ವಿಷಯ: 1,00,003 ಎಂಬ ಸಂಖ್ಯೆಯು ಭಾಗವಾಗಲು ನಿರಾಕರಿಸಿರುವ ಬಗ್ಗೆ ಹಾಗೂ ಉಗ್ರಾಣಪಾಲಕರನ್ನು ಮನೆಗೆ ಕಳುಹಿಸುವ ಬಗ್ಗೆ.

ಉಲ್ಲೇಖ: ಉಗ್ರಾಣಪಾಲಕರ ಪತ್ನಿಯವರು ಖುದ್ದಾಗಿ ಬಂದು ಏರುದನಿಯಲ್ಲಿ ಸಲ್ಲಿಸಿದ ಮೌಖಿಕ ಮನವಿ.

ಇಲಾಖೆಯ ನಲವತ್ತೆರಡು ಶಾಖೆಗಳಿಗಾಗಿ 1,00,003 ಸೇಫ್ಟಿ ಪಿನ್ನುಗಳು ಬಂದಿದ್ದು, ತಲಾ 2,381ರಂತೆ ಹಂಚಲಾಗಿ ಒಂದು ಪಿನ್ನು ಉಳಿದಿರುತ್ತದೆ. ಉಗ್ರಾಣ ಬರಿದಾಗದ ಹೊರತು ಉಗ್ರಾಣಪಾಲಕರು ನಿವೃತ್ತರಾಗುವಂತಿಲ್ಲ. ಆದಕಾರಣ ವಯಸ್ಸು ಮೀರಿದ ಸದರಿಯವರು ಮೂರು ತಿಂಗಳಿಂದ ಹಗಲಿರುಳೂ ಆ ಒಂದು ಪಿನ್ನನ್ನು ಕಾಯುತ್ತಾ ಕುಳಿತಿದ್ದರು. ಈ ಸಂಬಂಧ ಎಲ್ಲರ ಗಮನಕ್ಕೆ ತರುವುದೇನೆಂದರೆ:

1. ಸದರಿ ಸಂಖ್ಯೆಯು ಅವಿಭಾಜ್ಯವಾಗಿದ್ದು, ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾರಿಗೂ ಬಗ್ಗುವುದಿಲ್ಲವೆಂದು ಲೆಕ್ಕಾಧಿಕಾರಿಗಳು ವರದಿ ಮಾಡಿರುತ್ತಾರೆ. ಇಂತಹ ವರ್ತನೆಯು ಸಿಬ್ಬಂದಿಗೆ ಕೆಟ್ಟ ಮಾದರಿಯಾದ್ದರಿಂದ ಖಂಡಿಸಲಾಗಿದೆ.

2. ಶೇಷ ಉಳಿಯದಂತೆ ಹಂಚಲು ಇರುವುದು ಎರಡೇ ದಾರಿ. ಅಷ್ಟನ್ನೂ ಒಂದೇ ಶಾಖೆಗೆ ಕೊಡುವುದಕ್ಕೆ ಉಳಿದ ನಲವತ್ತೊಂದು ಶಾಖೆಗಳು ಮುಖ ಊದಿಸಿಕೊಂಡಿವೆ. 1,00,003 ಶಾಖೆಗಳನ್ನು ತೆರೆಯುವ ಪ್ರಸ್ತಾವನೆಗೆ ಕಟ್ಟಡ ವಿಭಾಗವು ಕುಣಿದು ಒಪ್ಪಿತ್ತಾದರೂ, ಕುರ್ಚಿಗಳ ಅಭಾವದಿಂದ ಕೈಬಿಡಲಾಗಿದೆ.

3. ಸಂಖ್ಯೆಯ ನಡುವೆ ನಾಲ್ಕು ಸೊನ್ನೆಗಳು ಕೆಲಸವಿಲ್ಲದೆ ಕುಳಿತಿರುವುದು ತಪಾಸಣೆಯಲ್ಲಿ ಕಂಡುಬಂದಿದೆ. ಅವುಗಳನ್ನು ತೆಗೆದುಹಾಕಲಾಗಿ 13 ಉಳಿದಿದ್ದು, ಅದೂ ಅವಿಭಾಜ್ಯವೇ. ಇದು ಮನೆತನದ ಗುಣವೆಂದು ದಾಖಲಿಸಿಕೊಂಡು, ಸೊನ್ನೆಗಳನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಲಾಗಿದೆ.

4. ಇಷ್ಟರಲ್ಲಿ ಉಗ್ರಾಣಪಾಲಕರ ಪತ್ನಿಯವರು ಕಚೇರಿಗೆ ನುಗ್ಗಿ, "ಇವರ ಅಂಗಿ ಗುಂಡಿ ಕಿತ್ತು ಮೂರು ತಿಂಗಳಾಯ್ತು. ಮನೆಗೆ ಬಂದ್ರೆ ತಾನೇ ನಾನು ಹೊಲಿಯೋದು? ಕೊಡಿ ಇಲ್ಲಿ ಆ ಪಿನ್ನು!" ಎಂದು ತಿಳಿಸಿ, ಸದರಿ ಪಿನ್ನನ್ನು ಗಂಡನ ಎದೆಗೆ ಚುಚ್ಚದಂತೆ ಅಂಗಿಗೆ ಮಾತ್ರ ಚುಚ್ಚಿ, ಕೈಹಿಡಿದು ಕರೆದೊಯ್ದಿರುತ್ತಾರೆ. ಇದರಿಂದ ಸಂಖ್ಯೆಯು 1,00,002ಕ್ಕೆ ಇಳಿದು ನಲವತ್ತೆರಡರಿಂದ ನಿಶ್ಶೇಷವಾಗಿ ಭಾಗವಾಗಿದೆ. ಅದರ ಸನ್ನಡತೆಯನ್ನು ಶ್ಲಾಘಿಸಲಾಗಿದೆ. ನಿವೃತ್ತಿಯನ್ನು ಮಂಜೂರು ಮಾಡಲಾಗಿದೆ.

5. ಆದರೆ ಮನೆಯಲ್ಲಿ ಅಂಗಿಗೆ ಹೊಸ ಗುಂಡಿ ಹೊಲಿದ ಮರುದಿನದಿಂದ ಉಗ್ರಾಣಪಾಲಕರು ಪಿನ್ನು ಹಿಡಿದು ಕಚೇರಿಗೆ ಅಲೆಯುತ್ತಿದ್ದಾರೆ. "ಕಚೇರಿ ವಸ್ತು ಸ್ವಾಮಿ, ನನಗ್ಯಾಕೆ?" ಎಂಬುದು ಅವರ ವಾದ. ಪಡೆದುಕೊಂಡಲ್ಲಿ ಸಂಖ್ಯೆಯು ಮತ್ತೆ ಹಳೆಯ ಹಟಕ್ಕೆ ಮರಳಿ, ಆ ಪುಣ್ಯಾತ್ಮರು ಮತ್ತೆ ಕಾವಲು ಕೂರಬೇಕಾಗುತ್ತದೆ. ಆದ್ದರಿಂದ ಯಾರೂ ಅವರ ಮುಂದೆ ಕೈಚಾಚಬಾರದು. ಅವರು ಪಿನ್ನನ್ನು ನೆಲದ ಮೇಲೆ ಬಿಟ್ಟುಹೋದಲ್ಲಿ ಯಾರೂ ಬಗ್ಗಿ ನೋಡಬಾರದು. ಕಾಲಿಗೆ ಚುಚ್ಚಿಕೊಂಡವರು ಬೇರೆ ಕಾರಣಕ್ಕೆ ಕಿರುಚಿದ್ದಾಗಿ ಬರೆದುಕೊಡತಕ್ಕದ್ದು.

(ಸಹಿ)
ಇಲಾಖಾ ಮುಖ್ಯಸ್ಥರು

ಪ್ರತಿಗಳು:
1. ನಲವತ್ತೆರಡು ಶಾಖೆಗಳಿಗೆ. ಗೋಂದು ಹಚ್ಚಿ ಲಗತ್ತಿಸಿಕೊಳ್ಳುವುದು.
2. ಲೆಕ್ಕಾಧಿಕಾರಿಗಳಿಗೆ, ಮುಂದಿನ ಖರೀದಿಗೆ ವಿಧೇಯ ಸಂಖ್ಯೆಯೊಂದನ್ನು ಹುಡುಕಿಡಲು.
3. ಗೇಟಿನ ಕಾವಲುಗಾರರಿಗೆ. ಅಂಗಿಯ ಗುಂಡಿಗಳೆಲ್ಲ ಸರಿಯಿರುವ ವೃದ್ಧರನ್ನು ಒಳಗೆ ಬಿಡಬಾರದು.
4. ಉಗ್ರಾಣಪಾಲಕರ ಪತ್ನಿಯವರಿಗೆ: ತಾಯಿ, ಹೊಲಿದ ಗುಂಡಿಯನ್ನು ದಯವಿಟ್ಟು ಕಿತ್ತುಹಾಕಿ.