ಗೊಲ್ಲಾಳಮ್ಮನವರ ನಿದ್ದೆಯನ್ನು ಮಂಜೂರು ಮಾಡಿದ ಬಗ್ಗೆ

ಉಸಿರಾಟವು ಮನುಷ್ಯನ ಮೂಲಭೂತ ಅಗತ್ಯವಾಗಿದ್ದು, ಅದನ್ನು ಪಡೆಯಲಿಚ್ಛಿಸುವವರು ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಶಹಾಪುರದ ಗೊಲ್ಲಾಳಮ್ಮನವರಿಗೆ ಐವತ್ತೊಂದು ವರ್ಷವಾಗುವವರೆಗೂ ಈ ಸಂಗತಿ ತಿಳಿದಿರಲಿಲ್ಲ. ಅಲ್ಲಿಯವರೆಗೆ ಅವರು ಅನುಮತಿಯಿಲ್ಲದೆಯೇ ಉಸಿರಾಡಿಕೊಂಡು ಬಂದಿದ್ದರು.

ಗೊಲ್ಲಾಳಮ್ಮ ಊರ ಹೊರಗಿನ ಹತ್ತಿ ಮಿಲ್ಲಿನಲ್ಲಿ ಲಾರಿ ತೂಗುವ ಕಾಟಾದ ಮೇಲೆ ಹದಿನೆಂಟು ವರ್ಷದಿಂದ ಕೆಲಸ ಮಾಡುತ್ತಿದ್ದರು. ಅವರಿಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ. ಐದು ವರ್ಷದ ಹಿಂದೆ ಕಲಬುರಗಿಯ ಡಾಕ್ಟರೊಬ್ಬರು ಪರೀಕ್ಷೆ ಮಾಡಿ, ಮಲಗುವಾಗ ಮೂಗಿಗೆ ಮಾಸ್ಕ್ ಕಟ್ಟಿ ಗಾಳಿ ಒತ್ತುವ ಸಿಪ್ಯಾಪ್ ಎಂಬ ಯಂತ್ರವನ್ನು ಬರೆದುಕೊಟ್ಟಿದ್ದರು. ಅಂದಿನಿಂದ ಅವರು ಎಲ್ಲರಂತೆ ಮಲಗಿ ಎಲ್ಲರಂತೆ ಏಳುತ್ತಿದ್ದರು. ಗಂಡ ಲಿಂಗಣ್ಣ ಸುರಪುರದ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರಾಗಿ ನಿವೃತ್ತರಾದವರು. ಆನೆಯ ಸೊಂಡಿಲಿನಂಥ ಪೈಪಿದ್ದ ಯಂತ್ರಕ್ಕೆ 'ಸೊಂಡ್ಲಿ ಮಷೀನ್' ಎಂದು ಹೆಸರಿಟ್ಟು, ದಿನಾ ಮುಂಜಾನೆ ಅದರ ಪೈಪು ತೊಳೆದು ಹಗ್ಗದ ಮೇಲೆ ಒಣಹಾಕುವುದು ಅವರ ಕೆಲಸವಾಗಿತ್ತು.

ಕಳೆದ ಹತ್ತಿ ಸುಗ್ಗಿಯಲ್ಲಿ ಯಂತ್ರ ಕೆಟ್ಟಿತು. ಕೆಟ್ಟ ಮೂರನೆಯ ದಿನ ಮಧ್ಯಾಹ್ನ ಕೆಂಭಾವಿಯ ಲಾರಿಯೊಂದು ಕಾಟಾದ ಮೇಲೆ ನಿಂತಿದ್ದಾಗ, ಗೊಲ್ಲಾಳಮ್ಮ ತೂಕದ ಚೀಟಿ ಬರೆಯುತ್ತ ಬರೆಯುತ್ತ ನಿದ್ದೆ ಹೋದರು. ಹಿಂದಿನ ಲಾರಿಗಳ ಸಾಲು ಹೆದ್ದಾರಿಗೆ ಮುಟ್ಟಿತು. ಮಿಲ್ಲಿನ ಮಾಲೀಕರಾದ ಅಂಬ್ರಪ್ಪ ಸಾಹುಕಾರರು ಬಂದು ನೋಡಿದಾಗ, ಅಂಕಿ ಇರಬೇಕಾದ ಜಾಗದಿಂದ ಹೊರಟ ಪೆನ್ನಿನ ಗೆರೆ ಚೀಟಿ ದಾಟಿ ಮೇಜಿನ ಅಂಚಿನವರೆಗೆ ಹೋಗಿತ್ತು.

"ಅಮ್ಮಾರ, ನಿಮ್ಮ ಮ್ಯಾಲ ನಂದೇನೂ ತಕರಾರಿಲ್ಲ," ಎಂದರು ಸಾಹುಕಾರರು. "ಆದ್ರ ತಿಂಗಳದಾಗ ಹೊಸಾ ಮಷೀನ್ ತರ್ರಿ. ಇಲ್ಲಾಂದ್ರ ಕಾಟಾಕ್ಕ ಬ್ಯಾರೆಯವ್ರನ್ನ ನೋಡಬೇಕಾಗ್ತದ."

ಮಿಲ್ಲಿನ ಎಲ್ಲ ನೌಕರರಿಗೂ ಚಿರಸಾಂತ್ವನ ಆರೋಗ್ಯ ವಿಮೆ ಇತ್ತು. ಆದ್ದರಿಂದ ಚಿಂತೆಗೆ ಕಾರಣವಿರಲಿಲ್ಲ.

ಯಾದಗಿರಿಯ ಸ್ಟೇಷನ್ ರೋಡಿನಲ್ಲಿ ನೆಮ್ಮದಿ ಮೆಡಿಕಲ್ ಸಪ್ಲಾಯರ್ಸ್ ಎಂಬ ಅಂಗಡಿಯಿದೆ. ವಿಮಾ ಸಂಸ್ಥೆ ಒಪ್ಪಿದ ಏಕೈಕ ಪೂರೈಕೆದಾರರು ಅದರ ಮಾಲೀಕ ವಿಶ್ವರಾಧ್ಯ. ಗಾಜಿನ ಕಪಾಟಿನಲ್ಲಿ ಮೂರು ಹೊಸ ಯಂತ್ರಗಳು ಇದ್ದವು.

"ಇದನ್ನ ಕೊಡ್ರಿ," ಎಂದರು ಲಿಂಗಣ್ಣ.

"ಕೊಡಾಕೇ ಕುಂತೀವ್ರಿ ಮಾಸ್ತರ. ವಿಮಾದವ್ರ ಮಂಜೂರಿ ಪತ್ರ ತರ್ರಿ. ಹಳೇ ಮಷೀನ್ ಸತ್ತದಂತ ಸರ್ಟಿಫಿಕೇಟ್ ತರ್ರಿ."

"ಸತ್ತದ್ದನ್ನ ಕೈಯಾಗ ಹಿಡಕೊಂಡೇ ಬಂದೀವಲ್ರಿ."

"ಹೆಣ ತಂದ್ರ ಸಾಲಂಗಿಲ್ರಿ. ಸರ್ಟಿಫಿಕೇಟ್ ಬೇಕು."

ಯಂತ್ರಗಳ ಮರಣವನ್ನು ದೃಢೀಕರಿಸುವ ಅಧಿಕೃತ ಮೆಕ್ಯಾನಿಕ್ ಮುಜಫರ ಅವರು ಸುರಪುರದಲ್ಲಿ ಮಂಗಳವಾರ ಮಾತ್ರ ಸಿಗುತ್ತಿದ್ದರು. ಮಂಗಳವಾರ ಸಿಕ್ಕರು. ಯಂತ್ರದ ಹೊಟ್ಟೆ ಬಿಚ್ಚಿ, ಊದಿ, ಮೂಸಿ ನೋಡಿದರು.

"ಹತ್ತಿ ಧೂಳ ಹೊಕ್ಕು ಮೋಟಾರ್ ಸುಟ್ಟದರೀ ಅಮ್ಮಾ," ಎಂದರು. ಆಮೇಲೆ ನಮೂನೆಯನ್ನು ನೋಡಿ ಪೆನ್ನು ಕೆಳಗಿಟ್ಟರು. "ಧೂಳು ಅಂತ ಬರದ್ರ ನಿಮ್ದೇ ತಪ್ಪು ಅಂತಾರ. ಏನೂ ಆಗಿಲ್ಲಂತ ಬರದ್ರ ಹೊಸಾದು ಯಾಕ ಅಂತಾರ." ಇಬ್ಬರಿಗೂ ಚಹಾ ತರಿಸಿದರು. ಚಹಾ ಮುಗಿಯುವಷ್ಟರಲ್ಲಿ ದಾರಿ ಹೊಳೆಯಿತು. 'ವೃದ್ಧಾಪ್ಯದಿಂದ ಸಹಜ ಮರಣ' ಎಂದು ಬರೆದು ಮೊಹರು ಒತ್ತಿದರು.

ಸರ್ಟಿಫಿಕೇಟ್ ಹಿಡಿದು ದಂಪತಿ ಯಾದಗಿರಿಯ ವಿಮಾ ಕಚೇರಿಗೆ ಹೋದರು. ಅಲ್ಲಿನ ಶಾಖಾಧಿಕಾರಿ ಭೀಮಾಶಂಕರ ಬಹಳ ಸಜ್ಜನರು. ಯಾರ ಅರ್ಜಿಯನ್ನೂ ಎದ್ದು ನಿಂತು ನಮಸ್ಕಾರ ಮಾಡದೆ ತಿರಸ್ಕರಿಸಿದವರಲ್ಲ. ದಂಪತಿ ಒಳಗೆ ಬರುತ್ತಲೇ ಅವರು ಎದ್ದು ನಿಂತು ಕೈ ಮುಗಿದರು.

"ಅಕ್ಕಾರ, ಬದಲಿ ಮಷೀನು ಮಷೀನ್ ಬಳಸೋರಿಗೆ ಅಷ್ಟೇ ಕೊಡ್ತೀವಿ," ಎಂದರು ಭೀಮಾಶಂಕರ. "ನೀವು ಹನ್ನೊಂದು ದಿನದಿಂದ ಬಳಸಿಲ್ಲ."

"ಕೆಟ್ಟದಲ್ರಿ," ಎಂದರು ಗೊಲ್ಲಾಳಮ್ಮ.

"ಅದು ನನಗ ಗೊತ್ತದ. ಕಂಪ್ಯೂಟರಿಗೆ ಗೊತ್ತಿಲ್ಲ, ಅದು ಸೊನ್ನಿ ತೋರಸಾಕತ್ತದ. ಐದು ವರ್ಷ ದಿನಾ ಏಳು ತಾಸು ಹಾಕ್ಕೊಂಡೀರಿ, ಬಾಳ ಚಂದ ಬಳಸೀರಿ. ಈಗ ಬಿಟ್ಟೀರಿ ಅಂದ್ರ ನಿಮಗ ಅದರ ಜರೂರತ್ ಇಲ್ಲಂತ ಆತು."

"ಹಂಗಾದ್ರ ಏನ್ ಮಾಡಬೇಕ್ರಿ?"

"ಮೂವತ್ತು ದಿನ ಹಾಕ್ಕೊಂಡು ಬರ್ರಿ."

"ಯಾವುದನ್ನ್ರಿ?"

ಭೀಮಾಶಂಕರ ನಿಯಮಾವಳಿಯನ್ನು ಎರಡು ಸಲ ತಿರುವಿದರು. ಯಾವುದನ್ನು ಎಂಬ ಬಗ್ಗೆ ಅದು ಏನೂ ಹೇಳಿರಲಿಲ್ಲ. ಲಿಂಗಣ್ಣ ಡಾಕ್ಟರ ಹಳೆಯ ಚೀಟಿಯನ್ನು ಮುಂದಿಟ್ಟರು. ಕಾಯಿಲೆ ಜೀವಾವಧಿಯದ್ದಾದರೂ ಚೀಟಿಯ ಅವಧಿ ಆರೇ ತಿಂಗಳು ಎಂದು ತಿಳಿಸಿ ಅದನ್ನು ಗೌರವದಿಂದ ಹಿಂದಿರುಗಿಸಲಾಯಿತು.

ಉಳಿದದ್ದು ಒಂದೇ ದಾರಿ, 'ಅಗತ್ಯದ ಮರುಸ್ಥಾಪನೆ'. ಭೀಮಾಶಂಕರ ಅದನ್ನು ಗಟ್ಟಿಯಾಗಿ ಓದಿದರು: "ಫಲಾನುಭವಿಯು ಸಂಸ್ಥೆಯ ಪ್ರತಿನಿಧಿಯ ಸಮಕ್ಷಮ, ಕಚೇರಿಯ ವೇಳೆಯಲ್ಲಿ ನಿದ್ರಿಸತಕ್ಕದ್ದು. ಸದರಿ ನಿದ್ರೆಯಲ್ಲಿ ಉಸಿರು ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಒಮ್ಮೆಯಾದರೂ ನಿಲ್ಲತಕ್ಕದ್ದು. ಊಟದ ವಿರಾಮದಲ್ಲಿ ನಿಂತ ಉಸಿರನ್ನು ಪರಿಗಣಿಸಲಾಗುವುದಿಲ್ಲ."

ಓದಿ ಮುಗಿಸುವ ಮೊದಲೇ ಗೊಲ್ಲಾಳಮ್ಮ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಅರ್ಜಿಗೆ ಇನ್ನೂ ನಂಬರು ಬಿದ್ದಿರಲಿಲ್ಲವಾದ್ದರಿಂದ ಆ ನಿದ್ದೆಯನ್ನು ಪರಿಗಣಿಸಲಾಗಲಿಲ್ಲ.

ಗುರುವಾರ ಕಡತದ ಕೋಣೆಯಲ್ಲಿ ಎರಡು ಬೆಂಚು ಜೋಡಿಸಿ, ಮನೆಯಿಂದ ತಂದ ಕೌದಿ ಹಾಸಲಾಯಿತು. ಗೊಲ್ಲಾಳಮ್ಮ ಬಾಗಿಲಲ್ಲೇ ನಿಂತರು.

"ಪರ ಗಂಡಸರ ಮುಂದ ಹ್ಯಾಂಗ ಮಕ್ಕೊಳ್ಳಲಿರಿ?" ಎಂದು ಗಂಡನಿಗೆ ಮೆಲ್ಲಗೆ ಕೇಳಿದರು. "ಬಾಯಿ ತಕ್ಕೊಂಡು ಮಲಗ್ತೀ ಅಂತ ನೀವೇ ನಗ್ತೀರಿ."

"ನಾ ಇಲ್ಲೇ ಇರ್ತೀನಲ್ಲ. ಸೆರಗು ಮುಖದ ಮ್ಯಾಲ ಹಾಕ್ಕೊ."

"ಸೆರಗು ಹಾಕ್ಕೊಳ್ಳಂಗಿಲ್ರಿ ಮಾಸ್ತರ," ಎಂದರು ಭೀಮಾಶಂಕರ, ತಾವೇ ನಾಚಿಕೊಂಡು. "ಉಸಿರು ಕಾಣಬೇಕು."

ಹದಿನಾಲ್ಕು ದಿನದಿಂದ ನೆಟ್ಟಗೆ ನಿದ್ದೆ ಕಾಣದ ಹೆಂಗಸು. ತಲೆ ಇಟ್ಟ ಎರಡು ನಿಮಿಷಕ್ಕೆ ಗೊರಕೆ ಎದ್ದಿತು. ಕಪಾಟಿನ ಗಾಜು ಸಣ್ಣಗೆ ನಡುಗಿತು. ಆಮೇಲೆ ಗೊರಕೆ ಅರ್ಧಕ್ಕೆ ತುಂಡಾಗಿ ಕೋಣೆ ಸುಮ್ಮನಾಯಿತು. ಭೀಮಾಶಂಕರ ಗೋಡೆಯ ಗಡಿಯಾರ ನೋಡುತ್ತ ಎಣಿಸತೊಡಗಿದರು. ಎಂಟು ಎನ್ನುವಷ್ಟರಲ್ಲಿ ಲಿಂಗಣ್ಣ ಹೆಂಡತಿಯ ಭುಜ ಹಿಡಿದು ಅಲ್ಲಾಡಿಸಿಬಿಟ್ಟರು. ಗೊಲ್ಲಾಳಮ್ಮ ಬಾವಿಯಿಂದ ಮೇಲೆದ್ದವರಂತೆ ಗಾಳಿ ಎಳೆದುಕೊಂಡರು.

"ಇನ್ನೆರಡು ತಡೀಬೇಕಿತ್ರಿ ಮಾಸ್ತರ. ಕೆಲಸ ಆಗ್ತಿತ್ತು."

"ತಡೀಬೇಕಂತಿದ್ದೆ ಸಾಹೇಬ್ರ. ಕೈ ತಾನ ಹೋತು."

"ಕೈಗೆ ತಿಳಿಸಿ ಹೇಳ್ರಿ," ಎಂದು ಭೀಮಾಶಂಕರ ವರದಿ ಬರೆದರು: 'ಫಲಾನುಭವಿಯ ಉಸಿರು ನಿಲ್ಲುವ ಪ್ರಕ್ರಿಯೆಗೆ ಪತಿಯಿಂದ ಅಡಚಣೆ.'

ಆದ್ದರಿಂದ ಮರುದಿನ ಲಿಂಗಣ್ಣನವರನ್ನು ಹೊರಗೆ ನಿಲ್ಲಿಸಿ ಬಾಗಿಲಿಗೆ ಚಿಲಕ ಹಾಕಲಾಯಿತು. ಅವರು ಕಿಟಕಿಯ ಸರಳು ಹಿಡಿದು ನಿಂತರು. ಗೊರಕೆ ಕೇಳಿಸಿತು, ನಿಂತಿತು. ಭೀಮಾಶಂಕರರ ದನಿ ಶುರುವಾಯಿತು. ಐದರವರೆಗೆ ಗಟ್ಟಿಯಾಗಿತ್ತು. ಆರು, ಏಳು ಬರುಬರುತ್ತ ಸಣ್ಣದಾಯಿತು. ಎಂಟರ ನಂತರ ಒಂಬತ್ತು ಬರಲಿಲ್ಲ. ಕುರ್ಚಿ ಬಿದ್ದ ಸಪ್ಪಳ.

"ಅಕ್ಕಾ! ಏ ಅಕ್ಕಾ, ಏಳ್ರಿ!"

ಚಿಲಕ ತೆಗೆದಾಗ ಭೀಮಾಶಂಕರರ ಅಂಗಿ ಬೆನ್ನಿಗೆ ಅಂಟಿತ್ತು. "ತುಟಿ ಕರ್ರಗ ಆಗಾಕತ್ತಿದ್ವರೀ ಮಾಸ್ತರ," ಎಂದರು. ಎರಡು ಲೋಟ ನೀರು ಕುಡಿದರು. ಆಮೇಲೆ ಕುಳಿತು, ಪೂರ್ವಾನುಮತಿಯಿಲ್ಲದೆ ಫಲಾನುಭವಿಯ ಉಸಿರನ್ನು ಮರಳಿಸಿದ್ದಕ್ಕೆ ಕ್ರಮ ಏಕೆ ಜರುಗಿಸಬಾರದೆಂದು ಕೇಳಿ ಶಾಖಾಧಿಕಾರಿಯಾದ ತಮಗೆ ತಾವೇ ನೋಟಿಸು ಬರೆದರು. ತಾವೇ ಸ್ವೀಕರಿಸಿ ದಸ್ಕತ್ ಮಾಡಿದರು. ಸೋಮವಾರ ಸಮಜಾಯಿಷಿ ಸಲ್ಲಿಸಿದರು. ಅದು ತೃಪ್ತಿಕರವಾಗಿಲ್ಲವೆಂದು ಕಂಡುಬಂದಿದ್ದರಿಂದ ತಮಗೆ ಎಚ್ಚರಿಕೆ ನೀಡಿಕೊಂಡರು.

"ನೀವು ನಮ್ಮ ತಮ್ಮ ಇದ್ದಂಗ ಬಿಡ್ರಿ," ಎಂದರು ಗೊಲ್ಲಾಳಮ್ಮ.

"ಅದಕ್ಕೇ ಅಕ್ಕಾರ, ನಾ ಈ ಕೆಲಸಕ್ಕ ಲಾಯಕ್ ಇಲ್ಲಂತ ಮ್ಯಾಲಿನವ್ರಿಗೆ ಬರದೀನಿ."

ಮೇಲಿನವರು ಅರ್ಥ ಮಾಡಿಕೊಂಡರು. ಒಂದೇ ಕೋಣೆಯಲ್ಲಿ ಕೂತವರು ಹತ್ತರವರೆಗೆ ಎಣಿಸಲಾರರೆಂಬುದು ಬೇರೆ ಶಾಖೆಗಳಲ್ಲೂ ಅನುಭವಕ್ಕೆ ಬಂದಿತ್ತು. ಹಾಗಾಗಿ ವಿಭಾಗೀಯ ಕಚೇರಿಯ ಪರಿವೀಕ್ಷಕಿ ಮೌನಿಕಾ ಅವರು ವಿಡಿಯೊ ಕಾಲ್ ಮೂಲಕ ಉಸಿರು ನಿಲ್ಲುವುದನ್ನು ವೀಕ್ಷಿಸುವರೆಂದು ಆದೇಶ ಬಂದಿತು. ಮೌನಿಕಾ ಗುರುಮಠಕಲ್ ಕಡೆಯವರು, ಮಾತಿನಲ್ಲಿ ಸ್ವಲ್ಪ ತೆಲುಗು.

ಮೊಬೈಲನ್ನು ನೀರಿನ ಬಾಟಲಿಗೆ ಆನಿಸಿ ಇಡಲಾಯಿತು. ಲಿಂಗಣ್ಣ ಮತ್ತು ಭೀಮಾಶಂಕರ ಎದುರುಬದುರು ಕೂತು, ಒಬ್ಬರ ಕೈ ಇನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳಬೇಕೆಂದು ಆದೇಶದಲ್ಲಿತ್ತು. ಹಿಡಿದುಕೊಂಡರು.

"ಫೇಸ್ ಕಾಣ್ತಿದೆ ಅಂಡಿ, ಮಲಗಲಿ," ಎಂದರು ಮೌನಿಕಾ.

ಗೊಲ್ಲಾಳಮ್ಮ ಮಲಗಿದರು. ಗೊರಕೆ ಸರಾಗವಾಗಿ ನಡೆದಿತ್ತು. ಅಷ್ಟರಲ್ಲಿ ಯಾದಗಿರಿಯ ನೆಟ್‌ವರ್ಕ್ ಹೋಯಿತು. ಬೆಂಚಿನ ಮೇಲೆ ಗೊಲ್ಲಾಳಮ್ಮ ಮಗ್ಗುಲು ಬದಲಿಸಿ, ಒಮ್ಮೆ ಕೆಮ್ಮಿ, ಗೊರಕೆ ಮುಂದುವರಿಸಿದರು. ಆದರೆ ಅತ್ತ ಮೌನಿಕಾ ಅವರ ಪರದೆಯ ಮೇಲೆ ಗೊಲ್ಲಾಳಮ್ಮನವರ ಚಿತ್ರ ಬಾಯಿ ತೆರೆದು ಕಲ್ಲಿನಂತೆ ನಿಂತುಬಿಟ್ಟಿತ್ತು. ನೆಟ್‌ವರ್ಕ್ ಮರಳಿ ಬಂದಾಗ ಮೌನಿಕಾ ಕೂಗುತ್ತಿದ್ದರು.

"ಐವತ್ತೇಳು ಸೆಕೆಂಡ್ ಅಂಡಿ! ನನ್ನ ಸರ್ವೀಸಲ್ಲೇ ಇಷ್ಟು ನೋಡಿಲ್ಲ. ಮಂಜೂರ್!"

ಲಿಂಗಣ್ಣ ಏನೋ ಹೇಳಲು ಬಾಯಿ ತೆರೆದರು. ಭೀಮಾಶಂಕರ ಮೇಜಿನ ಕೆಳಗೆ ಅವರ ಕಾಲು ತುಳಿದರು.

'ಅತಿ ತೀವ್ರ' ಎಂಬ ಷರಾದೊಂದಿಗೆ ಮಂಜೂರಿ ಪತ್ರ ಬಂದಾಗ ಸಾಹುಕಾರರ ಗಡುವಿಗೆ ಎರಡು ದಿನ ಉಳಿದಿತ್ತು. ದಂಪತಿ ಸ್ಟೇಷನ್ ರೋಡಿನ ಅಂಗಡಿಗೆ ಓಡಿದರು. ವಿಶ್ವರಾಧ್ಯ ಪತ್ರ ಓದಿ, ಕಪಾಟು ತೆರೆದು, ಯಂತ್ರವನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಲಿಂಗಣ್ಣ ಚೀಲ ಬಿಡಿಸಿದರು.

"ಮನಿಗೆ ಒಯ್ಯಂಗಿಲ್ರಿ," ಎಂದರು ವಿಶ್ವರಾಧ್ಯ.

"ಮಂಜೂರಾಗ್ಯದಲ್ರಿ?"

"ಮಷೀನ್ ಮಂಜೂರಾಗ್ಯದ. ನೀವು ಬಳಸ್ತೀರಂತ ಗ್ಯಾರಂಟಿ ಎಲ್ಲದ? ಮದ್ಲ ಮೂವತ್ತು ದಿನ, ಐತವಾರ ಬಿಟ್ಟು ದಿನಾ ನಾಲ್ಕು ತಾಸು ಬಳಸಿ ತೋರಸಬೇಕು. ಆ ತಾಸು ನಮ್ಮ ಅಂಗಡಿ ವೈಫೈದಿಂದ್ಲೇ ಅವರಿಗೆ ಮುಟ್ಟಬೇಕು. ಬ್ಯಾರೆ ವೈಫೈದಾಗ ಮಕ್ಕೊಂಡ್ರ ಎಣಸಂಗಿಲ್ಲ."

"ಹಂಗಾದ್ರ ಎಲ್ಲಿ ಮಕ್ಕೊಳ್ಳಬೇಕ್ರಿ ಈಕಿ?"

ವಿಶ್ವರಾಧ್ಯ ಗಾಲಿ ಕುರ್ಚಿಗಳ ಮತ್ತು ಊರುಗೋಲುಗಳ ನಡುವೆ ಇದ್ದ ಕಬ್ಬಿಣದ ಮಂಚವನ್ನು ತೋರಿಸಿದರು. ಅದೂ ಮಾರಾಟದ್ದೇ, ಆದರೆ ಮಾರಾಟವಾಗಿರಲಿಲ್ಲ. ಹನ್ನೊಂದರಿಂದ ಮೂರು ಅಂಗಡಿಯಲ್ಲಿ ಗಿರಾಕಿ ಕಡಿಮೆ.

ಅಂಬ್ರಪ್ಪ ಸಾಹುಕಾರರಿಗೆ ವಿಷಯ ತಿಳಿಸಲಾಯಿತು. ಹಗಲು ನಾಲ್ಕು ತಾಸು ಯಾದಗಿರಿಯಲ್ಲಿ ಮಲಗಿ ಬಂದವರು ರಾತ್ರಿ ಎಚ್ಚರವಾಗಿಯೇ ಇರುತ್ತಾರೆಂದು ಲೆಕ್ಕ ಹಾಕಿ ಅವರು ಗೊಲ್ಲಾಳಮ್ಮನವರನ್ನು ರಾತ್ರಿ ಪಾಳಿಗೆ ಹಾಕಿದರು. ರಾತ್ರಿ ಪಾಳಿಗೆ ಜನ ಸಿಗದೆ ಅವರು ಎರಡು ವರ್ಷದಿಂದ ಒದ್ದಾಡುತ್ತಿದ್ದರು.

ಮೊದಲ ದಿನ ಗೊಲ್ಲಾಳಮ್ಮ ಮಾಸ್ಕ್ ಕಟ್ಟಿಕೊಂಡು, ಹೊರಗೆ ಆಟೋಗಳ ಹಾರ್ನ್, ಒಳಗೆ ಸಕ್ಕರೆ ಕಾಯಿಲೆ ಪರೀಕ್ಷಿಸುವ ಪಟ್ಟಿ ಕೇಳುವ ಗಿರಾಕಿಗಳ ನಡುವೆ, ನಾಲ್ಕು ವಾರದಿಂದ ಬಾಕಿಯಿದ್ದ ನಿದ್ದೆಯನ್ನು ಮಾಡಿದರು. ಲಿಂಗಣ್ಣ ಮಾರಾಟಕ್ಕಿಟ್ಟ ಗಾಲಿ ಕುರ್ಚಿಯಲ್ಲಿ ಕೂತು, ಒಂದೇ ಸಮನೆ ಏರಿಳಿಯುವ ಆ ಎದೆಯನ್ನು ನೋಡುತ್ತ ಬೆರಳು ಮಡಿಸಿ ಎಣಿಸುತ್ತಿದ್ದರು. ಎಣಿಸಬೇಕಾದ್ದು ಏನೂ ಇಲ್ಲವೆಂದು ಗೊತ್ತಾದ ಮೇಲೆ ಅವರ ಕಣ್ಣೂ ಮುಚ್ಚಿದವು. ಗಾಲಿ ಕುರ್ಚಿ ಕೊಳ್ಳಲು ಬಂದವರೊಬ್ಬರು ಅವರನ್ನು ನೋಡಿ, ಕುರ್ಚಿ ಆರಾಮವಾಗಿದೆಯೆಂದು ಅದೇ ಮಾದರಿಯದನ್ನು ಒಯ್ದರು.

ಮೂವತ್ತು ದಿನ ಮುಗಿದವು. ಮೂವತ್ತೊಂದನೆಯ ದಿನ ಪತ್ರ ಬಂತು. ಫಲಾನುಭವಿಯ ಬಳಕೆ ಶ್ಲಾಘನೀಯವಾಗಿದ್ದು, ಬಳಕೆಯ ಸ್ಥಳ ಸ್ಟೇಷನ್ ರೋಡ್, ಯಾದಗಿರಿ, ವೇಳೆ ಹನ್ನೊಂದರಿಂದ ಮೂರು ಎಂದು ಕಾಯಂ ದಾಖಲಿಸಲಾಗಿದೆ. ಸ್ಥಳ ಬದಲಿಸಲು ಇಚ್ಛಿಸಿದಲ್ಲಿ ಅರ್ಜಿ ಸಲ್ಲಿಸಬಹುದು. ಅರ್ಜಿ ಇತ್ಯರ್ಥವಾಗುವವರೆಗೆ ಯಂತ್ರವನ್ನು ಬಳಸತಕ್ಕದ್ದಲ್ಲ. ಮೂವತ್ತು ದಿನ ಬಳಸದವರು ತಮ್ಮ ಅಗತ್ಯವನ್ನು ಮೊದಲಿನಂತೆ ಮರುಸ್ಥಾಪಿಸತಕ್ಕದ್ದು.

ಭೀಮಾಶಂಕರ ಕಚೇರಿಯಲ್ಲಿ ಇದನ್ನು ಎದ್ದು ನಿಂತು ಓದಿದರು. ಲಿಂಗಣ್ಣ ಹೆಂಡತಿಯ ಮುಖ ನೋಡಿದರು.

"ಬ್ಯಾಡ್ರಿ," ಎಂದರು ಗೊಲ್ಲಾಳಮ್ಮ. "ಮತ್ತ ಆ ಬೆಂಚ ಬ್ಯಾಡ. ಅಂಗಡ್ಯಾಗೇ ಮಕ್ಕೊಳ್ತೀನಿ."

ಭೀಮಾಶಂಕರರ ಕಣ್ಣು ತುಂಬಿ ಬಂದವು. ಇಷ್ಟು ಸಹಕರಿಸುವ ಫಲಾನುಭವಿಯನ್ನು ಅವರು ಕಂಡಿರಲಿಲ್ಲ.

ವಿಶ್ವರಾಧ್ಯರ ಅಂಗಡಿಯಲ್ಲಿ ಈಗ ನಾಲ್ಕು ಮಂಚಗಳಿವೆ. ಕಕ್ಕೇರಾದಿಂದ ಇಬ್ಬರು, ಕೆಂಭಾವಿಯಿಂದ ಒಬ್ಬರು ಬರುತ್ತಾರೆ. ಹೆಂಗಸರ ಕಡೆಗೆ ಪರದೆ ಕಟ್ಟಲಾಗಿದೆ. ಗಿರಾಕಿಗಳು ಮೆಲ್ಲಗೆ ಮಾತಾಡುವುದನ್ನು ಕಲಿತಿದ್ದಾರೆ. ವಿಮಾ ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಯಾದಗಿರಿ ಶಾಖೆಯ ಬಳಕೆ ಪ್ರಮಾಣ ನೂರಕ್ಕೆ ನೂರು.

ಕಳೆದ ಸೋಮವಾರ ಮುಂಜಾನೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಪೇರಲ ಮಾರುವ ಮಲ್ಲಾಬಾಯಿ ಗಂಡ ಹೆಂಡತಿಯನ್ನು ಕಂಡು ಕೇಳಿದಳು:

"ಎಲ್ಲಿಗಿ ಹೊಂಟೀರಿ ಯಕ್ಕಾ, ಇಷ್ಟು ಲಗೂನ?"

"ಯಾದಗಿರಿಗಿ ಬೇ. ಮಕ್ಕೊಳ್ಳಾಕ."

"ಹೌದಲ್ಲ, ನಿನ್ನಿ ಐತವಾರ. ಅಂಗಡಿ ಬಂದ್ ಇತ್ತು, ನಿದ್ದಿ ಆಗಿರಂಗಿಲ್ಲ," ಎಂದು ಮಲ್ಲಾಬಾಯಿ ಬುಟ್ಟಿ ಸರಿಸಿ ದಾರಿ ಬಿಟ್ಟಳು. "ಜಲ್ದಿ ಹತ್ರಿ, ಬಸ್ ಬಿಡಾಕತ್ತದ."