ಚಟ್ನಿಪುಡಿ ಸಮವರ್ತಿ ಪಟ್ಟಿಯಲ್ಲಿದೆ

ನಮ್ಮ ಅತ್ತಿಗೆಗೆ ಭಾರತ ಸರ್ಕಾರದ ಮೇಲೆ ನಂಬಿಕೆ ಇರಲಿಲ್ಲ. ಅಯ್ಯೋ, ಕ್ರಾಂತಿ ಗಿಂತಿ ಅಂದುಕೊಳ್ಳಬೇಡಿ! ಸರ್ಕಾರ ಇದೆ ಎಂದು ಪುಸ್ತಕದಲ್ಲೇನೋ ಬರೆದಿದ್ದಾರೆ, ಆದರೆ ಕಣ್ಣಾರೆ ನೋಡದ್ದನ್ನು ಬಾಯಿಪಾಠ ಮಾಡುವುದು ಹೇಗೆ ಎಂಬುದಷ್ಟೇ ಅವರ ತಕರಾರು.

ಗದಗದ ಕಡೆಯ ಅತ್ತಿಗೆ ನಮ್ಮ ಅಣ್ಣನನ್ನು ಮದುವೆಯಾಗಿ ಕತ್ರಿಗುಪ್ಪೆಯ ಮನೆಗೆ ಬಂದಾಗ, ಟ್ರಂಕಿನ ಜೊತೆಗೆ ಬಿ.ಎ.ಯ ಒಂದು ಉಳಿದ ಪೇಪರನ್ನೂ ತಂದಿದ್ದರು. ರಾಜ್ಯಶಾಸ್ತ್ರ! ಅರ್ಧ ಸರ್ಕಾರ, ಅರ್ಧ ಅರ್ಥಶಾಸ್ತ್ರ. ಕಟ್ಟಿದಾಗಲೆಲ್ಲ ಹೋಗಿತ್ತು. ಹಳೇ ಸಿಲಬಸ್ಸಿಗೆ ಇದೇ ಕೊನೆಯ ಪರೀಕ್ಷೆ. ಈ ಸಲವೂ ಹೋದರೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲದಿದ್ದರೆ ಬಿ.ಎಡ್. ಇಲ್ಲ, ಚಿಕ್ಕಂದಿನಿಂದ ಕಂಡ ಟೀಚರಮ್ಮನಾಗುವ ಕನಸೂ ಇಲ್ಲ. ಕಾಲೇಜಿಗೆ ಹೋಗುತ್ತಿದ್ದ ನನ್ನನ್ನು ಪಾಠ ಹೇಳಲು ನೇಮಿಸಲಾಯಿತು. ಯಾವ ಜನ್ಮದ ಪಾಪವೋ!

ಬೇಡಿಕೆ ಏರಿದರೆ ಬೆಲೆ ಏರುತ್ತದೆ ಎಂದು ಹೇಳಿಕೊಟ್ಟೆ. ಅಷ್ಟಕ್ಕೆ ಸುಮ್ಮನಿರುತ್ತಾರೆಯೇ? ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಹೂವಿನವಳ ಮುಂದೆ ನಿಂತರು.

"ಅಕ್ಕಾರ, ಇವತ್ತ ಇಷ್ಟ್ಯಾಕ ರೇಟು? ಬೇಡಿಕೆ ಏರೇತೋ, ಪೂರೈಕೆ ಇಳದೇತೋ?"

"ಹಬ್ಬ ಮೇಡಂ. ಮೊಳ ಬೇಕಾ, ಮಾರು ಬೇಕಾ?"

ಹಬ್ಬದ ಮಾರನೇ ದಿನ ಬೆಲೆ ಇಳಿದಿದೆಯೋ ಎಂದು ಮತ್ತೆ ಹೋದರು. ಇಳಿದಿತ್ತು. ಸಿದ್ಧಾಂತ ನಿಜವಾದ ಸಂತೋಷಕ್ಕೆ ಒಂದು ಬುಟ್ಟಿ ಸೇವಂತಿಗೆ ತಂದರು ನೋಡಿ, ನಮ್ಮ ಮನೆಯ ದೇವರಷ್ಟೇ ಅಲ್ಲ, ಅಣ್ಣನ ಸ್ಕೂಟರೂ ಹಾರ ಹಾಕಿಕೊಂಡು ಆಫೀಸಿಗೆ ಹೋಯಿತು!

ಮುಂದಿನ ಪಾಠ, ಕಾಸು ಬಿಚ್ಚದೆ ಎಲ್ಲರ ಸೌಲಭ್ಯದಲ್ಲಿ ಪಾಲು ಪಡೆಯುವವರ ಬಗ್ಗೆ. ಉದಾಹರಣೆಗೆ ಅಲೆಯಬೇಕಾಗಿರಲಿಲ್ಲ. ಪಕ್ಕದ ಮನೆಯ ಅಂಕಲ್ ದಿನಾ ಬೆಳಿಗ್ಗೆ ನಮ್ಮ ದಿನಪತ್ರಿಕೆಯನ್ನು ನಮಗಿಂತ ಮೊದಲು, ನಮ್ಮ ಕಾಂಪೌಂಡಿನಲ್ಲೇ ನಿಂತು ಓದುತ್ತಿದ್ದರು. ಅತ್ತಿಗೆ ಅವರ ಮುಂದೆ ಹೋಗಿ ವಿನಯದಿಂದಲೇ ಹೇಳಿದರು.

"ಅಂಕಲ್, ನಮ್ಮ ಪುಸ್ತಕದಾಗ ನಿಮ್ಮ ಬಗ್ಗೆ ಒಂದ್ ಪ್ಯಾರಾ ಐತ್ರೀ."

ಅಂಕಲ್ ಕನ್ನಡಕ ಸರಿಮಾಡಿಕೊಂಡರು. "ಹೌದೇನಮ್ಮಾ? ಹೆಸರು ಹಾಕಿದ್ದಾರಾ?"

ಒಕ್ಕೂಟ ವ್ಯವಸ್ಥೆಯ ಪಾಠ ಬಂದಾಗ ಮಾತ್ರ ಅಡುಗೆಮನೆಯೇ ನಡುಗಿತು. ಕೇಂದ್ರ ಪಟ್ಟಿಯ ವಿಷಯಕ್ಕೆ ದೆಹಲಿ ಕಾನೂನು ಮಾಡುತ್ತದೆ, ರಾಜ್ಯ ಪಟ್ಟಿಯದಕ್ಕೆ ರಾಜ್ಯ, ಸಮವರ್ತಿ ಪಟ್ಟಿಯದಕ್ಕೆ ಇಬ್ಬರೂ ಎಂದೆ. ಅತ್ತಿಗೆ ಎದ್ದು ಹೋಗಿ ಡಬ್ಬಿಗಳನ್ನೆಲ್ಲ ಮೂರು ಪಾಲು ಮಾಡಿದರು. ಅಮ್ಮನ ಸಾರಿನಪುಡಿ ಮೇಲಿನ ಗೂಡಿಗೆ, ಅದು ಕೇಂದ್ರ. ತಮ್ಮ ಜೋಳದ ಹಿಟ್ಟು ಕೆಳಗೆ, ಅದು ರಾಜ್ಯ. ಚಟ್ನಿಪುಡಿ ಮಾತ್ರ ನಡುವೆ. ಅಮ್ಮನಿಗೆ ಕೊಬ್ಬರಿಯದಾಗಬೇಕು, ಅತ್ತಿಗೆಗೆ ಶೇಂಗಾದ್ದಾಗಬೇಕು, ದಿನಾ ಅದಕ್ಕೇ ಕಿತ್ತಾಟ!

ಅಮ್ಮ ಅಕ್ಕಿ ಆರಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. "ನಡುವಿನ ಪಟ್ಟೀಲಿ ಜಗಳ ಬಂದ್ರೆ ಯಾರ ಮಾತು ನಡಿಯುತ್ತಮ್ಮಾ?"

"ಕೇಂದ್ರದ್ದ ನಡೀತೈತ್ರೀ ಅತ್ತಿ."

"ಪಾಠ ಚೆನ್ನಾಗಿದೆ. ಓದು," ಎಂದು ಅಮ್ಮ ಮತ್ತೆ ಮೊರಕ್ಕೆ ಕೈ ಹಾಕಿದಳು.

ಅತ್ತಿಗೆ ಗದಗಕ್ಕೆ ಹೋಗಿ ಪರೀಕ್ಷೆ ಬರೆದು ಬಂದರು. ಫಲಿತಾಂಶದ ದಿನ ಯಡಿಯೂರಿನ ಸೈಬರ್ ಸೆಂಟರಿಗೆ ನಾವಿಬ್ಬರೂ ಹೊರಟರೆ, ದೇವಸ್ಥಾನಕ್ಕೆ ಹೋಗಬೇಕು ಎಂದು ಅಮ್ಮನೂ ಚಪ್ಪಲಿ ಮೆಟ್ಟಿದಳು. ದೇವಸ್ಥಾನ ಇದ್ದದ್ದು ಇನ್ನೊಂದು ದಿಕ್ಕಿಗೆ! ಕಂಪ್ಯೂಟರು ಉಸಿರು ಬಿಗಿಹಿಡಿದು ಕೂತು ಕೂತು ಕೊನೆಗೆ ನಂಬರು ತೋರಿಸಿತು. ಪಾಸ್! ಅತ್ತಿಗೆ ಅಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ಅಮ್ಮ ಭೇಷ್ ಎನ್ನಲಿಲ್ಲ, ಬೆನ್ನು ತಟ್ಟಲಿಲ್ಲ. ಮನೆಗೆ ವಾಪಸ್ಸು ಬರುವಾಗ ಯಡಿಯೂರು ಕೆರೆಯ ಪಕ್ಕದ ರಸ್ತೆಯಲ್ಲಿ ನಡೆಯುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು.

"ಅಲ್ಲಮ್ಮಾ, ಎಸ್ಸೆಸ್ಸೆಲ್ಸಿ ಕಟ್ಟೋಕೆ ಇಷ್ಟೇ ವಯಸ್ಸಿರಬೇಕು ಅಂತ ಕಾನೂನಿದೆಯಾ?"

"ಯಾರಿಗ್ರೀ ಅತ್ತಿ?"

ಅಮ್ಮ ಕೆರೆಯ ಕಡೆ ನೋಡುತ್ತಾ ಹೇಳಿದಳು. "ಒಂಬತ್ತನೇ ಕ್ಲಾಸಲ್ಲಿದ್ದಾಗ ಮದುವೆ ಮಾಡಿಬಿಟ್ರು. ಪುಸ್ತಕ ಎಲ್ಲಾ ಬೆಂಚಿನ ಮೇಲೇ ಉಳೀತು. ಹೋಗಿ ತಗೊಂಡು ಬರೋಕೂ ಬಿಡಲಿಲ್ಲ."

ಈ ಮಾತನ್ನು ಅಮ್ಮ ನಮ್ಮ ಯಾರ ಹತ್ತಿರವೂ ಆಡಿದವಳಲ್ಲ. ಅತ್ತಿಗೆ ಕಣ್ಣೊರೆಸಿಕೊಂಡರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು, ನಿಂತು ಅಮ್ಮನನ್ನೇ ನೋಡಿದರು.

"ಲೆಕ್ಕ ಹೆಂಗೈತ್ರೀ ನಿಮ್ದು?"

"ಚೆನ್ನಾಗೇ ಬರ್ತಿತ್ತು," ಎಂದಳು ಅಮ್ಮ. "ಭಿನ್ನರಾಶಿ ಮಾತ್ರ ಸ್ವಲ್ಪ ಹೇಳಿಕೊಡಬೇಕು."